‘ರೈನ್ ಮ್ಯಾನ್’ ನೋಡಿ, ಆದರೆ ಇಸ್ಪೀಟಾಟದ ಸೀನ್ ನೋಡಿ ಮರುಳಾಗಬೇಡಿ

ನಿಮ್ಮ ಪ್ರಶ್ನೆ ಇದು ತಾನೇ: ತಮ್ಮನಿಗೆ 26 ವರ್ಷ, ಆಟಿಸಂ (ಮಾತು, ಒಡನಾಟ, ನಡವಳಿಕೆಯ ರೀತಿ ಬೇರೆ ಇರುವ ಮಿದುಳಿನ ಬೆಳವಣಿಗೆ) ಇದೆ. ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ, ಮುಂದೆ ಅವನ ಜವಾಬ್ದಾರಿ ನಿಮ್ಮದು. ನೆಂಟರೆಲ್ಲ ‘ರೈನ್ ಮ್ಯಾನ್’ ನೋಡು ಅನ್ನುತ್ತಿದ್ದಾರೆ. ಅದರಲ್ಲಿರುವುದು ನಿಜವಾ, ತಮ್ಮನ ಜೊತೆ ಕೂತು ನೋಡಬಹುದಾ? ನನ್ನ ಅಣ್ಣನಿಗೂ ಆಟಿಸಂ ಇದೆ. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾನೆ. ಹಾಗಾಗಿ ಈ ಸಿನಿಮಾದ ಬಗ್ಗೆ ನನಗೆ ಮಾತು ಸ್ವಲ್ಪ ಜಾಸ್ತಿ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 1988ರ ಅಮೆರಿಕದ ಸಿನಿಮಾ, ನಿರ್ದೇಶಕ ಬ್ಯಾರಿ ಲೆವಿನ್ಸನ್. ಸಾಲದಲ್ಲಿ ಮುಳುಗಿದ ಕಾರು ವ್ಯಾಪಾರಿ ಚಾರ್ಲಿ. ಅಪ್ಪ ಸತ್ತಾಗ ಅವನ ಪಾಲಿಗೆ ಬರುವುದು ಒಂದು ಹಳೇ ಬ್ಯೂಕ್ ಕಾರು, ಒಂದಷ್ಟು ಗುಲಾಬಿ ಗಿಡ. 30 ಲಕ್ಷ ಡಾಲರ್ ಆಸ್ತಿ ಹೋಗುವುದು ಆಟಿಸಂ ಇರುವ ಅಣ್ಣ ರೇಮಂಡ್‌ಗೆ. ಅಂಥ ಒಬ್ಬ ಅಣ್ಣ ಇದ್ದಾನೆ ಅಂತಲೇ ಚಾರ್ಲಿಗೆ ಗೊತ್ತಿರುವುದಿಲ್ಲ. ದುಡ್ಡಿನ ಆಸೆಗೆ ಅವನನ್ನು, ಅವನಿರುವ ಸಿನ್ಸಿನಾಟಿಯ ಆರೈಕೆ ಸಂಸ್ಥೆಯಿಂದ ಹೇಳದೆ ಕೇಳದೆ ಕರೆದುಕೊಂಡು, ಕಾರಲ್ಲಿ ಲಾಸ್ ಏಂಜಲೀಸ್‌ಗೆ ಹೊರಡುತ್ತಾನೆ. ರೇಮಂಡ್ ಪಾತ್ರಕ್ಕೆ ಡಸ್ಟಿನ್ ಹಾಫ್‌ಮನ್‌ಗೆ ಆಸ್ಕರ್ ಬಂತು.

ಮೊದಲು ನನ್ನ ತಕರಾರು. ನೆಲಕ್ಕೆ ಬಿದ್ದ ಟೂತ್‌ಪಿಕ್‌ಗಳನ್ನು ಒಂದೇ ನೋಟಕ್ಕೆ 246 ಅಂತ ಎಣಿಸುವ ದೃಶ್ಯ, ಲಾಸ್ ವೇಗಸ್‌ನಲ್ಲಿ ಎಲೆ ನೆನಪಿಟ್ಟು ದುಡ್ಡು ಗೆಲ್ಲುವ ದೃಶ್ಯ, ಇವೆರಡೇ ಜನರ ತಲೆಯಲ್ಲಿ ಉಳಿದುಬಿಟ್ಟಿವೆ. ಮದುವೆ ಮನೆಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ‘ನಿಮ್ಮಣ್ಣನಿಗೆ ಏನು ಟ್ಯಾಲೆಂಟ್ ಇದೆ?’ ಅಂತ. ನನ್ನ ಅಣ್ಣನಿಗೆ ಅಂಥದ್ದೇನೂ ಇಲ್ಲ. ಆಟಿಸಂ ಇರುವ ಬಹುಪಾಲು ಜನಕ್ಕೂ ಇರುವುದಿಲ್ಲ. ಈ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅವರಿಗೆ ಅಸಾಧಾರಣ ನೆನಪಿತ್ತು ನಿಜ. ಆದರೆ ಅವರಿಗೆ ಇದ್ದದ್ದು ಆಟಿಸಂ ಅಲ್ಲ. ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ನರಗಳ ಕಟ್ಟೇ ಅವರಿಗೆ ಹುಟ್ಟಿನಿಂದ ಇರಲಿಲ್ಲ. ಸಾವಿರಾರು ಪುಸ್ತಕ ಬಾಯಿಪಾಠ ಇದ್ದ ಮನುಷ್ಯನಿಗೆ ಅಂಗಿ ಗುಂಡಿ ಹಾಕಿಕೊಳ್ಳಲು ಕಷ್ಟ. 2009ರಲ್ಲಿ ಅವರು ತೀರಿಕೊಳ್ಳುವವರೆಗೂ ಅಪ್ಪನೇ ಜೊತೆಗಿದ್ದು ನೋಡಿಕೊಂಡರು. ಆ ಅಪ್ಪನ ಮೇಲೆ ಒಂದು ಸಿನಿಮಾ ಮಾಡಬೇಕಿತ್ತು, ಅಲ್ವಾ?

ಇದೇ ಸಿನಿಮಾದಲ್ಲಿ ಯಾರೂ ಮಾತಾಡದ ಇನ್ನೊಂದು ಸಣ್ಣ ದೃಶ್ಯ ಇದೆ. ದೊಡ್ಡ ದೊಡ್ಡ ಗುಣಾಕಾರ ಥಟ್ಟನೆ ಹೇಳುವ ರೇಮಂಡ್‌ಗೆ ಡಾಕ್ಟರು ಕೇಳುತ್ತಾರೆ, ಒಂದು ಚಾಕೊಲೇಟಿಗೆ ಎಷ್ಟು? ‘ಸುಮಾರು ನೂರು ಡಾಲರ್.’ ಒಂದು ಕಾರಿಗೆ? ‘ಸುಮಾರು ನೂರು ಡಾಲರ್.’ ನಮ್ಮಂಥ ಮನೆಗಳಿಗೆ ಬೇಕಾದ ದೃಶ್ಯ ಅದು.

ದಿನಚರಿಯ ವಿಷಯದಲ್ಲಿ ಮಾತ್ರ ಸಿನಿಮಾ ಪಕ್ಕಾ. ಪ್ಯಾನ್‌ಕೇಕ್ ಬರುವ ಮೊದಲೇ ಸಿರಪ್ ಟೇಬಲ್ ಮೇಲಿರಬೇಕು. ಟಿವಿ ಕಾರ್ಯಕ್ರಮ ತಪ್ಪಬಾರದು. ನಮ್ಮಣ್ಣನಿಗೆ ಹಾಲ್‌ನ ಫ್ಯಾನ್ ತಿರುಗುತ್ತಲೇ ಇರಬೇಕು. ಕರೆಂಟ್ ಹೋದರೆ ಬಾಗಿಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ನಡೆಯಲು ಶುರು ಮಾಡುತ್ತಾನೆ. ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ, ಆಮೇಲೆ ಕೈ ಕಚ್ಚಿಕೊಳ್ಳುತ್ತಾನೆ. ಯುಪಿಎಸ್ ಹಾಕಿಸಿದಾಗ ಎಲೆಕ್ಟ್ರಿಷಿಯನ್‌ಗೆ ‘ಲೈಟ್ ಆಮೇಲೆ, ಮೊದಲು ಈ ಫ್ಯಾನ್’ ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ಸಿನಿಮಾ ತೋರಿಸದೆ ಬಿಟ್ಟಿದ್ದು ಬೇಕಾದಷ್ಟಿದೆ. ಚಾರ್ಲಿ ಅಣ್ಣನ ಜೊತೆ ಇರುವುದು ಸುಮಾರು ಒಂದು ವಾರ. ದೊಡ್ಡವನಾದ ಗಂಡಸಿಗೆ ಗಡ್ಡ ತೆಗೆಯಬೇಕು, ಉಗುರು ಕತ್ತರಿಸಬೇಕು. ಎಲ್ಲಿ ನೋವು ಅಂತ ಅಣ್ಣನಿಗೆ ಹೇಳಲು ಬರುವುದಿಲ್ಲ, ಹಲ್ಲು ನೋವು ಬಂದರೆ ಊಟ ಬಿಡುತ್ತಾನೆ ಅಷ್ಟೆ. ಹಲ್ಲಿನ ಡಾಕ್ಟರ ಹತ್ತಿರ ಸುಮ್ನೆ ಕುರ್ಚಿ ಮೇಲೆ ಕೂತು ಬರುವುದನ್ನೇ ಮೊದಲು ಅಭ್ಯಾಸ ಮಾಡಿಸಿದೆವು. ನನ್ನ ಹೆಂಡತಿ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಿಮಗೆ ಮದುವೆಯ ಯೋಚನೆ ಇದ್ದರೆ ಈ ಮಾತು ಮೊದಲೇ ಬಿಚ್ಚಿ ಮಾತಾಡಿ.

ಇನ್ನೊಂದು, ದುಡ್ಡು. ಆ 30 ಲಕ್ಷ ಡಾಲರ್ ಟ್ರಸ್ಟ್‌ನಲ್ಲಿ ಇರುವುದರಿಂದಲೇ ರೇಮಂಡ್‌ಗೆ ಹೋಗಲು ಒಂದು ಜಾಗ, ನೋಡಿಕೊಳ್ಳಲು ಜನ ಇದ್ದಾರೆ. ಅಪ್ಪ ಒಳ್ಳೆಯವನೋ ಕೆಟ್ಟವನೋ ಬೇರೆ ಮಾತು, ಕಾಗದಪತ್ರ ಮಾತ್ರ ನೆಟ್ಟಗೆ ಮಾಡಿಟ್ಟಿದ್ದ. ನಿಮ್ಮ ಅಪ್ಪ ಅಮ್ಮ ಇರುವಾಗಲೇ ನೀವೂ ಈ ಕೆಲಸ ಮುಗಿಸಿಕೊಳ್ಳಿ. 18 ದಾಟಿದ ಮೇಲೆ ಕಾನೂನಿನ ಕಣ್ಣಲ್ಲಿ ಅಪ್ಪ ಅಮ್ಮನೂ ತಾವಾಗಿಯೇ ಗಾರ್ಡಿಯನ್ (ಅವನ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಹಕ್ಕಿರುವವರು) ಆಗುವುದಿಲ್ಲ. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಡಿಸಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಗಾರ್ಡಿಯನ್‌ಶಿಪ್ ಕೊಡುತ್ತದೆ. ಒಡಹುಟ್ಟಿದವರೂ ಅರ್ಜಿ ಹಾಕಬಹುದು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಅಪ್ಪ ಸರ್ಕಾರಿ ಕೆಲಸದಲ್ಲಿದ್ದವರಾದರೆ ಫ್ಯಾಮಿಲಿ ಪೆನ್ಷನ್ ದಾಖಲೆಯಲ್ಲಿ ತಮ್ಮನ ಹೆಸರು ಈಗಲೇ ಸೇರಿಸಲಿ.

ಸಿನಿಮಾದ ಕೊನೆಗೆ ಡಾಕ್ಟರೊಬ್ಬರು ರೇಮಂಡ್‌ನನ್ನು ಕೂರಿಸಿಕೊಂಡು ಕೇಳುತ್ತಾರೆ. ತಮ್ಮನ ಜೊತೆ ಇರುತ್ತೀಯಾ? ಹೂಂ. ವಾಪಸ್ ಸಂಸ್ಥೆಗೆ ಹೋಗುತ್ತೀಯಾ? ಅದಕ್ಕೂ ಹೂಂ. ಇಡೀ ಸಿನಿಮಾದಲ್ಲಿ ನನಗೆ ತುಂಬಾ ನಿಜ ಅನ್ನಿಸಿದ್ದು ಇದೇ. ಅವನನ್ನು ವಾಪಸ್ ಕಳಿಸಿದ್ದು ಸರಿಯಲ್ಲ ಅಂತ ಜಗಳ ಆಡುವವರಿದ್ದಾರೆ. ನನ್ನ ಕೋಪ ಬೇರೆ. ಅವನಿಗೆ ಅರ್ಥವಾಗುವ ರೀತಿಯಲ್ಲಿ ಕೇಳುವ ದಾರಿ ಯಾರೂ ಹುಡುಕಲಿಲ್ಲವಲ್ಲ! ನಮ್ಮಣ್ಣನೂ ಯಾವ ಪ್ರಶ್ನೆಗಾದರೂ ಹೂಂ ಅನ್ನುತ್ತಾನೆ. ಅದಕ್ಕೆ ನಾವು ಬಾಯಲ್ಲಿ ಕೇಳುವುದಿಲ್ಲ. ಪಾರ್ಕಿನ ಫೋಟೋ, ಚಿಕ್ಕಮ್ಮನ ಮನೆಯ ಫೋಟೋ ಎರಡನ್ನೂ ಮುಂದಿಡುತ್ತೇವೆ, ಬೇಕಾದ್ದರ ಮೇಲೆ ಕೈ ಇಡುತ್ತಾನೆ. ಎರಡನ್ನೂ ತಳ್ಳಿದರೆ ಆ ದಿನ ಮನೆಯೇ.

ತಮ್ಮನ ಜೊತೆ ನೋಡಬಹುದಾ ಅಂದರೆ, ನೋಡಬಹುದು. ಆದರೆ ಮೊದಲು ನೀವೊಬ್ಬರೇ ನೋಡಿಕೊಳ್ಳಿ. ಕೊನೆಯ ಹೊತ್ತಿಗೆ ಹೊಗೆಯ ಅಲಾರಂ ಕಿರುಚಿಕೊಂಡು ರೇಮಂಡ್ ತಲೆ ಚಚ್ಚಿಕೊಳ್ಳುವ ದೃಶ್ಯ ಬರುತ್ತದೆ. ಮೋಟೆಲ್‌ನಲ್ಲಿ ಬಿಸಿನೀರಿನ ನಲ್ಲಿ ಕಂಡು ಕೂಗಾಡುವುದೂ ಇದೆ. ತಮ್ಮನಿಗೆ ಜೋರು ಸದ್ದು ಆಗುವುದಿಲ್ಲ ಅಂದರೆ ಅವೆರಡನ್ನೂ ಮುಂದಕ್ಕೆ ಓಡಿಸಿಬಿಡಿ. ಆದರೆ ರೇಮಂಡ್‌ನನ್ನು ಸಂಸ್ಥೆಗೆ ಯಾಕೆ ಕಳಿಸಿದ್ದರು ಅಂತ ಗೊತ್ತಾಗುವುದು ಬಿಸಿನೀರಿನ ದೃಶ್ಯದಲ್ಲೇ, ಅದನ್ನು ನೀವೇ ಹೇಳಬೇಕಾಗುತ್ತದೆ.