ಮಧ್ಯಾಹ್ನ ಎಲೆ ಬಾಡಿದರೆ ನೀರು ಬಿಡಬೇಕಾ?

ಪ್ರಶ್ನೆ: ಟೊಮೆಟೊ ಬೆಳೆಗೆ ನಾಟಿಯಿಂದಲೂ ಡ್ರಿಪ್‌ನಲ್ಲಿ ದಿನಾ ಒಂದು ಗಂಟೆ ನೀರು ಬಿಡುತ್ತಿದ್ದೇನೆ. ಆದರೂ ಮಧ್ಯಾಹ್ನ ಎಲೆ ಜೋತು ಬೀಳುತ್ತದೆ. ಅಂಥ ದಿನ ಇನ್ನೊಂದು ಸಲ ಬಿಡುತ್ತೇನೆ. ಈಗ ಕೆಲವು ಗಿಡಗಳ ಕೆಳಗಿನ ಎಲೆ ಹಳದಿಯಾಗಿದೆ, ಇನ್ನು ಕೆಲವದರಲ್ಲಿ ಕಾಯಿಯ ತಳ ಕಪ್ಪಾಗುತ್ತಿದೆ. ಸಾಲಿನ ಅಂತರ 1.2 ಮೀಟರ್, ಡ್ರಿಪ್ಪರ್ 40 ಸೆಂ.ಮೀ.ಗೊಂದು, ಗಂಟೆಗೆ 2 ಲೀಟರ್‌ನದು. ತೇವ ಅಳೆಯುವ ಉಪಕರಣ ಹಾಕಿಸಲೇ?

ಉತ್ತರ: ಮೊದಲು ಆ ಎರಡನೇ ಸಲದ ನೀರು ನಿಲ್ಲಿಸಿ. ಸುಡು ಬಿಸಿಲಲ್ಲಿ ಬೇರು ಎಳೆಯುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗುತ್ತದೆ. ಮಣ್ಣಲ್ಲಿ ಹದ ಇದ್ದರೂ ಎಲೆ ಬಾಡುತ್ತದೆ, ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ಗಿಡ ನೋಡಬೇಕಾದ್ದು ಬೆಳಗ್ಗೆ ಬಿಸಿಲೇರುವ ಮುಂಚೆ. ಆಗಲೂ ಎಲೆ ಬಾಡಿಯೇ ಇದ್ದರೆ ಮಣ್ಣು ಒಣಗಿರಬೇಕು, ಇಲ್ಲವೇ ಬೇರಿಗೆ ಏನೋ ತೊಂದರೆ ಆಗಿರಬೇಕು.

ಯಾವುದು ಅಂತ ಮಣ್ಣೇ ಹೇಳುತ್ತದೆ. ಡ್ರಿಪ್ಪರ್‌ನಿಂದ ಒಂದು ಗೇಣು ಆಚೆ, ಒಂದು ಗೇಣು ಆಳ ಅಗೆದು ಹಿಡಿ ಮಣ್ಣು ತೆಗೆಯಿರಿ. ಅಂಗೈಯಲ್ಲಿ ಒತ್ತಿ. ಉಂಡೆಯಾಗಿ, ಬೆರಳಿಂದ ತಟ್ಟಿದರೆ ಒಡೆದರೆ ಹದ ಸರಿ ಇದೆ. ಉಂಡೆಯೇ ಆಗದೆ ಉದುರಿದರೆ ನೀರು ಬೇಕು. (ಮರಳು ಮಣ್ಣು ಹದವಿದ್ದರೂ ಗಟ್ಟಿ ಉಂಡೆಯಾಗದು, ಅಲ್ಲಿ ತಣ್ಣನೆಯ ಪಸೆ ಕೈಗೆ ಸಿಕ್ಕರೆ ಸಾಕು.) ಅಂಗೈಗೆ ಕೆಸರು ಮೆತ್ತಿಕೊಂಡರೆ ನೀರು ಜಾಸ್ತಿಯಾಗಿ ಬೇರಿಗೆ ಗಾಳಿ ಸಿಗುತ್ತಿಲ್ಲ ಅಂತ. ಹಳದಿ ಎಲೆಗೆ ಇದೂ ಒಂದು ಕಾರಣ.

ಇನ್ನು ದಿನಾ ಒಂದು ಗಂಟೆ ಅನ್ನುವ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಕೊಟ್ಟ ವಿಧಾನದಲ್ಲಿ, ಆ ದಿನದ ಹವಾಮಾನ ಎಷ್ಟು ಮಿ.ಮೀ. ನೀರು ಎಳೆಯುತ್ತದೋ ಅದನ್ನು ಬೆಳೆಯ ಹಂತದ ಅಂಕಿಯಿಂದ ಗುಣಿಸುತ್ತಾರೆ. ಟೊಮೆಟೊ ಎಳೆ ಗಿಡವಾಗಿದ್ದಾಗ ಆ ಅಂಕಿ ಸುಮಾರು 0.6, ಕಾಯಿ ತುಂಬುವಾಗ 1.15. ಹವೆ 5 ಮಿ.ಮೀ. ಎಳೆಯುವ ದಿನ ಅಂದುಕೊಳ್ಳಿ. ತುಂಬಿದ ಬೆಳೆಗೆ 5.75 ಮಿ.ಮೀ., ಅಂದರೆ ಚದರ ಮೀಟರ್‌ಗೆ 5.75 ಲೀಟರ್. ನಿಮ್ಮಲ್ಲಿ ಒಂದು ಡ್ರಿಪ್ಪರ್ ಪಾಲಿಗೆ 0.48 ಚದರ ಮೀಟರ್ ಬರುತ್ತದೆ. ಪೋಲಾಗುವ ಹತ್ತನೇ ಒಂದು ಭಾಗ ಸೇರಿಸಿದರೆ ಡ್ರಿಪ್ಪರ್‌ಗೆ ಸುಮಾರು 3 ಲೀಟರ್, ಅಂದರೆ ಒಂದೂವರೆ ಗಂಟೆ. ಅದೇ ಹವೆಯಲ್ಲಿ ಎಳೆ ಗಿಡಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಸಾಕಿತ್ತು. ಮೋಡ ಕವಿದ ದಿನ ಇನ್ನೂ ಕಡಿಮೆ.

ಕಾಯಿಯ ತಳ ಕಪ್ಪಾಗುವುದು ಬಹಳ ಸಲ ರೋಗವಲ್ಲ. ಕಾಯಿಗೆ ಕ್ಯಾಲ್ಸಿಯಂ ನೀರಿನ ಜೊತೆಗೇ ಹೋಗಬೇಕು. ಮಣ್ಣು ಒಮ್ಮೆ ಒಣಗಿ ಒಮ್ಮೆ ಕೆಸರಾದರೆ ಆ ಹರಿವು ತಪ್ಪುತ್ತದೆ. ಹದ ಒಂದೇ ಸಮ ಇಡಿ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಮುಂದಿನವು ಚೆನ್ನಾಗಿ ಬರುತ್ತವೆ.

ಉಪಕರಣ ಒಳ್ಳೆಯದೇ. ಟೆನ್ಶಿಯೋಮೀಟರ್ (ಮಣ್ಣಿನ ತೇವ ತೋರಿಸುವ ಮಾಪಕ) ಹಾಕುವುದಾದರೆ ಒಂದೇ ಜಾಗದಲ್ಲಿ ಎರಡು ಹಾಕಿ: 20 ಸೆಂ.ಮೀ. ಆಳದ್ದು ಯಾವಾಗ ಶುರು ಮಾಡಬೇಕು ಅಂತ ಹೇಳುತ್ತದೆ, 45 ಸೆಂ.ಮೀ. ಆಳದ್ದು ನೀರು ಬೇರು ದಾಟಿ ಪೋಲಾಗುತ್ತಿದೆಯಾ ಅಂತ. ಆದರೆ ಅದಕ್ಕೆ ದುಡ್ಡು ಹಾಕುವ ಮುಂಚೆ ಸಾಲಿನ ಮೊದಲು, ನಡುವೆ, ಕೊನೆಯ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಮೂರು ನಿಮಿಷ ನೀರು ಹಿಡಿಯಿರಿ. ಮೂರರಲ್ಲೂ 100 ಮಿ.ಲೀ. ಆಸುಪಾಸು ಬರಬೇಕು. ಒಂದರಲ್ಲಿ 60, ಇನ್ನೊಂದರಲ್ಲಿ 110 ಬಂದರೆ ಫಿಲ್ಟರ್ ತೊಳೆಯಿರಿ, ಪೈಪಿನ ಕೊನೆ ಬಿಚ್ಚಿ ಕಸ ಹರಿಯಬಿಡಿ, ಆಮೇಲೆ ಮತ್ತೆ ಅಳೆಯಿರಿ.