ಹಿಮದ ಹಾದಿಗೆ ಯಾರ ಹಣ?

“ಅಮೆರಿಕದ ಉತ್ತರ ಮಿನೆಸೋಟದ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಬಂಡಿ) ಹಾದಿಗಳನ್ನು ಚಳಿಗಾಲದ ಸಂಚಿಕೆಯಲ್ಲಿ ಹೊಗಳಿದ್ದೀರಿ. ದುಬಾರಿ ಯಂತ್ರ ಕೊಳ್ಳಬಲ್ಲವರ ಮೋಜಿಗೆ ಸರ್ಕಾರದ ಹಣವೇಕೆ? ಅದರಲ್ಲಿ ಹಳ್ಳಿಗಳಿಗೆ ಗ್ರಂಥಾಲಯ ನಡೆಸಬಾರದೇ? ಮೇಲಾಗಿ ಆ ಗದ್ದಲ, ಆ ಹೊಗೆ!”
— ಮಿನಿಯಾಪೊಲಿಸ್ ಬಳಿ ನೆಲೆಸಿರುವ ಓದುಗರೊಬ್ಬರು

ಪ್ರಿಯ ಓದುಗರಿಗೆ ನಮಸ್ಕಾರ.

ತೆರಿಗೆ ಕಟ್ಟುವವರು ಇಂಥ ಪ್ರಶ್ನೆ ಕೇಳಲೇಬೇಕು. ಆದರೆ ಉತ್ತರ ಹುಡುಕುವ ಮೊದಲು ಆ ಹಣ ಯಾರ ಜೇಬಿನಿಂದ ಬಂದದ್ದು ಎಂದು ನೋಡೋಣ. ಮಿನೆಸೋಟದಲ್ಲಿ ವಾಹನಗಳ ಪೆಟ್ರೋಲ್ ತೆರಿಗೆ ಹೆದ್ದಾರಿಗಳಿಗೇ ಮೀಸಲು. ಆ ರಾಜ್ಯದ ಸಂವಿಧಾನವೇ ಹಾಗೆ ವಿಧಿಸಿದೆ. ದೋಣಿಗೋ ಸ್ನೋಮೊಬೈಲಿಗೋ ಪೆಟ್ರೋಲ್ ಹಾಕಿಸಿದವರು ಹೆದ್ದಾರಿಯನ್ನು ಬಳಸುವುದಿಲ್ಲ, ತೆರಿಗೆಯನ್ನಂತೂ ಕೊಟ್ಟಿರುತ್ತಾರೆ. ಆ ಹಣ ಅವರ ಉಪಯೋಗಕ್ಕೇ ಮರಳಲಿ ಎಂದು ಕಾನೂನು ಒಟ್ಟು ಪೆಟ್ರೋಲ್ ತೆರಿಗೆಯ ಶೇ. 1.5ರಷ್ಟನ್ನು ದೋಣಿಗಳ ಪಾಲೆಂದೂ ಶೇ. 1ರಷ್ಟನ್ನು ಸ್ನೋಮೊಬೈಲ್‌ಗಳ ಪಾಲೆಂದೂ ಎಣಿಸುತ್ತದೆ. ಇದಕ್ಕೆ ಯಂತ್ರಗಳ ನೋಂದಣಿ ಶುಲ್ಕವೂ ಸೇರುತ್ತದೆ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ನೋಂದಾಯಿತ ಯಂತ್ರವೊಂದಕ್ಕೆ ವರ್ಷಕ್ಕೆ 50 ಗ್ಯಾಲನ್ ಪೆಟ್ರೋಲ್ ಎಂದು ಲೆಕ್ಕ ಹಿಡಿದು ಹಾದಿಗಳ ಪಾಲಿನ ಮೊತ್ತ ನಿಗದಿ ಮಾಡುತ್ತಾರೆ. ಅಮೆರಿಕದ ಕೇಂದ್ರ ಸರ್ಕಾರ 1991ರಲ್ಲಿ ಆರಂಭಿಸಿದ ಹಾದಿಗಳ ಅನುದಾನಕ್ಕೂ ಇದೇ ತರ್ಕ, ಅದರಲ್ಲಿ ಶೇ. 30 ಮೋಟಾರು ಹಾದಿಗಳಿಗೆ, ಶೇ. 30 ನಡಿಗೆ, ಸೈಕಲ್‌ಗಳಂಥ ಮೋಟಾರಿಲ್ಲದ ಬಳಕೆಗೆ, ಉಳಿದದ್ದು ಎಲ್ಲರೂ ಹಂಚಿಕೊಳ್ಳುವ ಹಾದಿಗಳಿಗೆ.

ಹಾಗಾಗಿ ಗ್ರಂಥಾಲಯದ ಹಣವನ್ನು ಸ್ನೋಮೊಬೈಲಿನವರು ಕಸಿದುಕೊಂಡಿಲ್ಲ. ಆದರೂ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಶೇ. 1 ಎಂಬುದು ಒಂದು ಅಂದಾಜು. ಹಿಮ ಧಾರಾಳವಾಗಿ ಬಿದ್ದ ವರ್ಷಕ್ಕೂ ಬೀಳದೇ ಹೋದ ವರ್ಷಕ್ಕೂ ಅದು ಒಂದೇ. ಶಾಸನಸಭೆ ಅದನ್ನು ಆಗಾಗ ಅಳೆದು ನೋಡಬೇಕೆಂದೇ ನಾನೂ ಹೇಳುತ್ತೇನೆ.

ಈ ಹಣ ಖರ್ಚಾಗುವ ಬಗೆಯೇ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಮಿನೆಸೋಟದಲ್ಲಿ 22,000 ಮೈಲಿಯಷ್ಟು ಸ್ನೋಮೊಬೈಲ್ ಹಾದಿಗಳಿವೆ. ಬಹುಪಾಲನ್ನು ನೋಡಿಕೊಳ್ಳುವವರು ಸರ್ಕಾರಿ ನೌಕರರಲ್ಲ, ಊರೂರಿನ ಕ್ಲಬ್‌ಗಳ ಸದಸ್ಯರು. ಕ್ಲಬ್ಬಿನ ಪರವಾಗಿ ಕೌಂಟಿಯೋ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನಗರಸಭೆಯೋ ಅರ್ಜಿ ಹಾಕುತ್ತದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಅನುದಾನ ಕೊಡುತ್ತದೆ. ಶರತ್ಕಾಲದಲ್ಲಿ ಹಾದಿಗೆ ಬಾಗಿದ ಪೊದೆಗಳನ್ನು ಸವರುವುದು, ತೊರೆಗಳ ಮೇಲಿನ ಸೇತುವೆಗಳನ್ನು ಭದ್ರಪಡಿಸುವುದು, ಸೂಚನಾ ಫಲಕ ನೆಡುವುದು ಇವರ ಕೆಲಸ. ಹಿಮ ಬಿದ್ದ ಮೇಲೆ ಗ್ರೂಮರ್ ಎಂಬ ಭಾರಿ ಯಂತ್ರದ ಹಿಂದೆ ಹಲಗೆ ಎಳೆದು ಹಾದಿಯ ಉಬ್ಬುತಗ್ಗುಗಳನ್ನು ಸಮ ಮಾಡಬೇಕು. ಇದು ಹೆಚ್ಚಾಗಿ ರಾತ್ರಿಯ ಕೆಲಸ: ಆಗ ಸವಾರರು ಕಡಿಮೆ, ಚಳಿಯಲ್ಲಿ ಹಿಮ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಗಲೆಲ್ಲ ತಮ್ಮ ಕೆಲಸ ಮುಗಿಸಿ ಬಂದವರು ನಡುರಾತ್ರಿಯವರೆಗೆ ಹೀಗೆ ದುಡಿಯುತ್ತಾರೆ. ಇಷ್ಟನ್ನೂ ಸಂಬಳದ ಜನರಿಂದ ಮಾಡಿಸಹೊರಟರೆ ಈ ಅನುದಾನ ಯಾವ ಮೂಲೆಗೂ ಸಾಲದು.

ಇನ್ನು ನೆಲದ ಮಾತು. ಈ ಹಾದಿಗಳು ಎಷ್ಟೋ ಕಡೆ ಖಾಸಗಿ ಹೊಲಗಳನ್ನು ಹಾಯುತ್ತವೆ. ಸುಗ್ಗಿ ಮುಗಿದು ನೆಲ ಹೆಪ್ಪುಗಟ್ಟಿದ ಮೇಲೆ, ಬಹುಮಟ್ಟಿಗೆ ಬಾಡಿಗೆಯಿಲ್ಲದೆ, ರೈತರು ದಾರಿ ಬಿಡುತ್ತಾರೆ. ಯಾರಾದರೂ ಬಿದ್ದು ಪೆಟ್ಟಾದರೆ ಜಮೀನಿನವರ ತಲೆಗೆ ಬಾರದಂತೆ ಕಾನೂನಿನ ರಕ್ಷಣೆಯಿದೆ, ಸರಿ. ಆದರೆ ಆ ಒಪ್ಪಿಗೆ ನಿಂತಿರುವುದು ಕಾನೂನಿನ ಮೇಲಲ್ಲ, ಕ್ಲಬ್ಬಿನವರು ಮನೆಬಾಗಿಲಿಗೆ ಹೋಗಿ ಕೇಳಿದ ಮಾತಿನ ಮೇಲೆ. ಒಬ್ಬ ದುಡುಕಿನ ಸವಾರ ಗುರುತು ಹಾಕಿದ ಹಾದಿ ಬಿಟ್ಟು ಕುದುರೆ ಮಸಾಲೆ ಸೊಪ್ಪಿನ ಹೊಲಕ್ಕೆ ನುಗ್ಗಿದರೆ ಮರುದಿನ ಅಲ್ಲಿ ದಾರಿ ಮುಚ್ಚಬಹುದು. ಕಾಲುವೆಯ ನಡುವೆ ಒಬ್ಬ ಬದು ಹಾಕಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ನಿಲ್ಲುವಂತೆ, ಒಂದೇ ಹೊಲದಲ್ಲಿ ತಡೆಯಾದರೆ ಎರಡು ಊರುಗಳ ಸಂಪರ್ಕವೇ ಕಡಿಯುತ್ತದೆ. ನೂರಾರು ರೈತರೊಂದಿಗೆ ವರ್ಷವರ್ಷವೂ ಈ ವಿಶ್ವಾಸವನ್ನು ಉಳಿಸಿಕೊಳ್ಳುವ ಕೆಲಸ ಯಾವ ಇಲಾಖೆಯಿಂದಲೂ ಆಗದು.

ಹಳ್ಳಿಗೆ ಇದರಿಂದ ಏನು ಬಂತು ಎಂದು ನೀವು ಕೇಳಬಹುದು. ಉದ್ಯಮದವರು ಹೇಳುವ ಕೋಟಿಗಟ್ಟಲೆ ಡಾಲರಿನ ಅಂಕಿಗಳನ್ನು ನಾನು ಆಧಾರವಾಗಿ ಹಿಡಿಯುವುದಿಲ್ಲ. ಮಿನಿಯಾಪೊಲಿಸ್‌ನವರು ವಾರಾಂತ್ಯಕ್ಕೆ ಉತ್ತರಕ್ಕೆ ಹೋಗದಿದ್ದರೆ ಅದೇ ದುಡ್ಡನ್ನು ನಗರದಲ್ಲೇ ಖರ್ಚು ಮಾಡುತ್ತಿದ್ದರು. ರಾಜ್ಯದ ಒಟ್ಟು ಲೆಕ್ಕದಲ್ಲಿ ಅದು ಹೊಸ ಹಣವಲ್ಲ. ಹಳ್ಳಿಯ ಲೆಕ್ಕವೇ ಬೇರೆ. ಸರೋವರದ ದಡದ ಊರುಗಳು ಬೇಸಿಗೆಯ ಮೀನುಗಾರಿಕೆ, ದೋಣಿವಿಹಾರಗಳನ್ನು ನಂಬಿ ಬದುಕುತ್ತವೆ. ಜನವರಿಯಲ್ಲಿ ಸವಾರರು ಬಂದರೆ ಹೋಟೆಲಿನ ಅಡುಗೆಯವರಿಗೂ ಮೋಟೆಲ್ ಕೋಣೆ ಗುಡಿಸುವವರಿಗೂ ಆ ತಿಂಗಳ ಸಂಬಳ ಸಿಗುತ್ತದೆ. ಬಾರದಿದ್ದರೆ ಅಂಗಡಿ ಚಳಿಗಾಲದಲ್ಲಿ ಬಾಗಿಲು ಹಾಕುತ್ತದೆ. ಹಾಲಿಗೂ ಪೆಟ್ರೋಲಿಗೂ ಊರಿನ ಮುದುಕರು ಮುಂದಿನ ಊರಿಗೆ ಹೋಗಬೇಕಾಗುತ್ತದೆ. ನಗರದ ದುಡ್ಡು ಚಳಿಯ ತಿಂಗಳಲ್ಲಿ ಹಳ್ಳಿಗೆ ಹರಿಯುವುದೇ ಇಲ್ಲಿನ ನಿಜವಾದ ಲಾಭ.

ಈ ಯಂತ್ರ ಹುಟ್ಟಿದ್ದೂ ಇಂಥ ಊರುಗಳಲ್ಲೇ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗ 1934ರಲ್ಲಿ ಅಪೆಂಡಿಸೈಟಿಸ್‌ನಿಂದ ತೀರಿಕೊಂಡಾಗ ಹಿಮ ಆಸ್ಪತ್ರೆಯ ದಾರಿಯನ್ನು ಕಟ್ಟಿಹಾಕಿತ್ತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ದುಡಿದ ಅವರಿಂದಲೇ 1959ರಲ್ಲಿ ಸ್ಕೀ-ಡೂ ಎಂಬ ಸ್ನೋಮೊಬೈಲ್ ಬಂತು. ಮಿನೆಸೋಟದ ರೋಸೋದಲ್ಲಿ 1954ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿ ಆರಂಭವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಎಡ್ಗರ್ ಹೆಟೀನ್ ಮುಂದೆ ಅದೇ ರಾಜ್ಯದ ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್ಟಿಕ್ ಕ್ಯಾಟ್ ಎಂಬ ಇನ್ನೊಂದು ಕಂಪನಿ ಕಟ್ಟಿದರು. ಅಲ್ಲಿನವರಿಗೆ ಸ್ನೋಮೊಬೈಲ್ ಎಂದರೆ ಮೊದಲಿಗೆ ಕಾರ್ಖಾನೆಯ ಕೆಲಸ, ಆಮೇಲೆ ಮೋಜು.

ಗದ್ದಲದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಐವತ್ತು ಅಡಿ ದೂರದಲ್ಲಿ 78 ಡೆಸಿಬಲ್ ಮೀರಬಾರದೆಂಬ ಮಿತಿಗೆ ಒಳಪಟ್ಟೇ ಯಂತ್ರಗಳು ಕಾರ್ಖಾನೆಯಿಂದ ಬರುತ್ತವೆ. ಸೈಲೆನ್ಸರ್ ಬದಲಿಸಿ ಸದ್ದು ಹೆಚ್ಚಿಸಿಕೊಳ್ಳುವವರು ನೆರೆಯವರ ನಿದ್ದೆಯನ್ನೂ ತಮ್ಮ ಹಾದಿಯನ್ನೂ ಒಟ್ಟಿಗೆ ಕೆಡಿಸುತ್ತಾರೆ. ಅವರಿಗೆ ದಂಡ ಬೀಳಲಿ, ಸಂಕೋಚವಿಲ್ಲದೆ ಬೀಳಲಿ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನುಗಳ ಹೊಗೆಯನ್ನೂ ನಾನು ಸಮರ್ಥಿಸಲಾರೆ.

ನನ್ನನ್ನು ನಿಜಕ್ಕೂ ಕಾಡುವುದು ಹವಾಮಾನ. 2023–24ರ ಚಳಿಗಾಲದಲ್ಲಿ ಮಿನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಹಿಮ ಕೈಕೊಟ್ಟು ಎಷ್ಟೋ ಹಾದಿಗಳು ತೆರೆಯಲೇ ಇಲ್ಲ. ಡೀಲರ್‌ಗಳ ಬಳಿ ಯಂತ್ರಗಳು ಮಾರಾಟವಾಗದೆ ಉಳಿದವು. 2024ರ ಕೊನೆಗೆ ಆರ್ಕ್ಟಿಕ್ ಕ್ಯಾಟ್ ಉತ್ಪಾದನೆ ನಿಲ್ಲಿಸುವ ಸುದ್ದಿ ಬಂದು, 2025ರಲ್ಲಿ ಕಂಪನಿ ಬೇರೆ ಒಡೆಯರ ಕೈ ಸೇರಿತು. ಹಿಮವನ್ನೊಂದನ್ನೇ ನಂಬಿದ ಹೊಸ ಹಾದಿಗಳಿಗೆ ಇನ್ನು ಮುಂದೆ ಹಣ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಹಳೆಯ ರೈಲುಮಾರ್ಗದ ಮೇಲೆ ಬ್ರೇನರ್ಡ್‌ನಿಂದ ಬೆಮಿಜಿಯತ್ತ ಸಾಗುವ ಪಾಲ್ ಬನ್ಯನ್ ಹಾದಿ ಬೇಸಿಗೆಯಲ್ಲಿ ಸೈಕಲ್ಲಿಗೆ, ಚಳಿಯಲ್ಲಿ ಸ್ನೋಮೊಬೈಲಿಗೆ ಒದಗುತ್ತದೆ. ಮಾದರಿ ಬೇಕಿದ್ದರೆ ಅಲ್ಲಿದೆ. ಸವಾರರ ಪಾಲಿನ ತೆರಿಗೆ ಸಾಲದೆಂದು ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಯಾರಾದರೂ ಕೈಹಾಕಿದರೆ, ಅಂದು ನಿಮ್ಮ ಗ್ರಂಥಾಲಯದ ವಾದಕ್ಕೆ ನಾನೂ ದನಿಗೂಡಿಸುತ್ತೇನೆ.

ಒಂದು ಕೋರಿಕೆ. ಈ ಅನುದಾನದ ಅರ್ಜಿಗಳು ಕೌಂಟಿ ಮಂಡಳಿ ಅಥವಾ ನಗರಸಭೆಯ ಮೂಲಕವೇ ಹೋಗಬೇಕು, ಆ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ನಿಮ್ಮ ಕೌಂಟಿಯಲ್ಲಿ ಯಾವ ಕ್ಲಬ್ ಎಷ್ಟು ಮೈಲಿ ನೋಡಿಕೊಳ್ಳುತ್ತದೆ, ಕಳೆದ ಚಳಿಗಾಲದಲ್ಲಿ ಹಾದಿ ಎಷ್ಟು ದಿನ ತೆರೆದಿತ್ತು ಎಂದು ಅಲ್ಲಿ ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೆ ಬರೆದು ಕಳುಹಿಸಿ. ನನ್ನ ವಾದಕ್ಕೆ ವಿರುದ್ಧವಾಗಿದ್ದರೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ