ಎಷ್ಟು ತೊಳೆದರೂ ನಾಯಿಯ ಮೈಮೇಲೆ ಉಣ್ಣೆ ಯಾಕೆ ಮತ್ತೆ ಬರುತ್ತವೆ?

ವಾರ ವಾರ ಟಿಕ್ ಶಾಂಪೂ ಹಾಕಿ ತೊಳೆದರೂ ನಾಯಿಗೆ ಉಣ್ಣೆ ಹತ್ತುತ್ತಲೇ ಇವೆ, ಮನೆಯಲ್ಲಿ ಬೆಕ್ಕೂ ಇದೆ, ಏನು ಮಾಡೋದು ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಎರಡೂ ಇವೆ, ಹಾಗಾಗಿ ಈ ಕಾಟ ಚೆನ್ನಾಗಿ ಗೊತ್ತು.

ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ ಮಾತ್ರ. ಉಳಿದವು ನಿಮ್ಮ ಮನೆಯಲ್ಲೇ ಇವೆ. ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವ ಕಂದು ಉಣ್ಣೆ ಮನೆಯೊಳಗೇ ಸಂಸಾರ ಹೂಡುವ ಜಾತಿ. ಹೆಣ್ಣು ಉಣ್ಣೆ ರಕ್ತ ಕುಡಿದು ಬೂದುಬಣ್ಣಕ್ಕೆ ತಿರುಗಿ, ದುಂಡಗೆ ಊದಿ, ಕೆಳಗೆ ಉದುರುತ್ತದೆ. ಆಮೇಲೆ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು ಹುಡುಕಿಕೊಂಡು ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬರುವ ಮರಿಗೆ ಆರೇ ಕಾಲು, ಎಳ್ಳಿಗಿಂತಲೂ ಚಿಕ್ಕದು. ಅದು ನಾಯಿಯನ್ನು ಹತ್ತಿ ರಕ್ತ ಕುಡಿದು ಮತ್ತೆ ಇಳಿಯುತ್ತದೆ, ಪೊರೆ ಬಿಟ್ಟು ಎಂಟು ಕಾಲಾಗಿ ಮತ್ತೆ ಹತ್ತುತ್ತದೆ. ಹುಟ್ಟಿದಾಗಿನಿಂದ ಮೊಟ್ಟೆ ಇಡುವಷ್ಟರಲ್ಲಿ ಹೀಗೆ ಹತ್ತಿ ಇಳಿಯುವುದು ಮೂರು ಸಲ. ದೊಡ್ಡ ಉಣ್ಣೆ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು. ನಿಮ್ಮ ಶಾಂಪೂ ಅದಕ್ಕೆ ಯಾವ ಲೆಕ್ಕ!

ಹಾಗಾಗಿ ಸ್ನಾನ ಬಿಟ್ಟು ಡಾಕ್ಟರ ಹತ್ತಿರ ಮಾತ್ರೆ ಕೇಳಿ. ಅಫಾಕ್ಸೊಲನರ್ ತಿಂಗಳಿಗೊಂದು, ಫ್ಲೂರಲನರ್ ಹನ್ನೆರಡು ವಾರಕ್ಕೊಂದು. ದುಬಾರಿಯೇ, ಆದರೆ ಶಾಂಪೂಗೆ ಸುರಿದ ದುಡ್ಡು ಲೆಕ್ಕ ಹಾಕಿದರೆ ಹೊಟ್ಟೆ ಉರಿಯಲ್ಲ. ತೂಕ ನೋಡಿ ಕೊಡಬೇಕು, ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಬೇಕು. ಮಾತ್ರೆ ಕೊಟ್ಟ ಮೇಲೂ ಉಣ್ಣೆ ಹತ್ತುತ್ತವೆ. ಕಚ್ಚಿದರೆ ತಾನೇ ಔಷಧಿ ಅದರ ಹೊಟ್ಟೆಗೆ ಹೋಗುವುದು? ಒಣಗಿ ಉದುರುವುದು ಕಂಡರೆ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಮಧ್ಯೆ ಬಿಡದೆ ಕೆಲವು ತಿಂಗಳು ನಡೆಸಿದರೆ ಬಿರುಕಿನಲ್ಲಿದ್ದವೂ ಒಂದೊಂದಾಗಿ ಬಂದು ಸಾಯುತ್ತವೆ. ಜೊತೆಗೆ ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ನಾಯಿ ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ.

ಕೈಯಲ್ಲಿ ತೆಗೆಯುವುದಾದರೆ ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಕಾಲರ್ ಅಡಿಯಲ್ಲಿ ನೋಡಿ. ಚಿಮಟದಲ್ಲಿ ಚರ್ಮಕ್ಕೆ ಅಂಟಿಸಿ ಹಿಡಿದು ನೇರವಾಗಿ ಎಳೆಯಿರಿ, ಸ್ಪಿರಿಟ್ ಬಾಟಲಿಗೆ ಹಾಕಿ. ಸೀಮೆಎಣ್ಣೆ ಹಚ್ಚುವುದು, ಊದಿನಕಡ್ಡಿಯಲ್ಲಿ ಸುಡುವುದು, ಉಗುರಲ್ಲಿ ಕುಕ್ಕುವುದು ಬೇಡ. ಮಲೆನಾಡಿನವರಾದರೆ ಇನ್ನೂ ಎಚ್ಚರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣೆ. ಆದರೂ ಕಾಡಿಗೆ ಹೋಗಿ ಬಂದ ನಾಯಿಯ ಮೈಯಿಂದ ಬರಿಗೈಲಿ ತೆಗೆಯಬೇಡಿ.

ಈಗ ಬೆಕ್ಕಿನ ವಿಷಯ. ಇಲ್ಲಿ ಸುಮ್ನೆ ಪ್ರಯೋಗ ಮಾಡಬೇಡಿ. ನಾಯಿಗೆ ಹಾಕುವ ಹನಿ ಔಷಧಿಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಮೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಫಿಟ್ಸ್ ಬಂದು ಸತ್ತೂ ಹೋಗಬಹುದು. ಹಾಕಿಸಿಕೊಂಡ ನಾಯಿಯನ್ನು ತಬ್ಬಿ ಮಲಗಿದರೂ ಅಪಾಯವೇ. ಹಳ್ಳಿ ಕಡೆ ಹಸುವಿಗೆಂದು ತಂದ ಡೆಲ್ಟಾಮೆಥ್ರಿನ್ ಮನೆಯಲ್ಲಿ ಇದ್ದೇ ಇರುತ್ತದೆ, ಅದೂ ಇದೇ ಜಾತಿ. ಟೀ ಟ್ರೀ ಎಣ್ಣೆಯೂ ಬೇಡ. ಬೆಕ್ಕಿಗೆಂದೇ ಬರುವ ಫಿಪ್ರೋನಿಲ್ ಅಥವಾ ಸೆಲಾಮೆಕ್ಟಿನ್ ಹನಿಯನ್ನು ನಾಲಗೆ ತಾಗದಂತೆ ಕತ್ತಿನ ಹಿಂದೆ, ಕೂದಲು ಬಿಡಿಸಿ ಚರ್ಮಕ್ಕೇ ಹಾಕಿ. ಬೆಕ್ಕಿಗೆ ಉಣ್ಣೆಗಿಂತ ಚಿಗಟದ ಕಾಟ ಜಾಸ್ತಿ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಚೂರು ಅಂಟಿದ್ದರೆ ಅದು ಲಾಡಿಹುಳು, ಸಾಮಾನ್ಯವಾಗಿ ಚಿಗಟ ನುಂಗಿ ಬಂದಿರುತ್ತದೆ. ಜಂತುಹುಳದ ಮಾತ್ರೆ ಒಂದೇ ಕೊಟ್ಟರೆ ಸಾಲದು, ಚಿಗಟವೂ ಹೋಗಬೇಕು.

ಇಷ್ಟು ದಿನ ಉಣ್ಣೆ ಕಚ್ಚಿಸಿಕೊಂಡ ನಾಯಿ ಅಲ್ವಾ, ಊಟ ಬಿಟ್ಟು ಮಂಕಾಗಿ ಮಲಗಿದರೆ, ಒಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನಾಳೆ ನೋಡೋಣ ಅನ್ನಬೇಡಿ. ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ, ಇರಬಹುದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳಿ. ಈ ಜ್ವರ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 28 ದಿನ ಕೊಡುತ್ತಾರೆ. ನಾಲ್ಕೇ ದಿನಕ್ಕೆ ನಾಯಿ ಎದ್ದು ಓಡಾಡುತ್ತದೆ, ಆದರೂ ಕೋರ್ಸ್ ಪೂರ್ತಿ ಮುಗಿಸಿ.